ಗೇಮಿಂಗ್ ಚೇರ್ ತಗೊಳ್ಳೋ ಮುಂಚೆ ಮಂಡಿ ಎತ್ತರ ಅಳೀರಿ

ಗೇಮ್ ಆಡೋಕೆ ಯಾವ ಚೇರ್ ತಗೊಳ್ಳೋದು ಅಂತ ಕೇಳೋರೆಲ್ಲ ಮೊದಲು ನೋಡೋದು ಬಣ್ಣ, ಆಮೇಲೆ ಎಷ್ಟು ಡಿಗ್ರಿ ಹಿಂದಕ್ಕೆ ಮಲಗುತ್ತೆ ಅಂತ, ಆಮೇಲೆ ರೇಟು. ಯಾರೂ ಕೇಳದೇ ಇರೋ ಪ್ರಶ್ನೆ ಒಂದಿದೆ, ಈ ಚೇರನ್ನ ಪೂರ್ತಿ ಕೆಳಗಿಳಿಸಿದ್ರೆ ಸೀಟು ನೆಲದಿಂದ ಎಷ್ಟು ಎತ್ತರಕ್ಕೆ ನಿಲ್ಲುತ್ತೆ ಅಂತ. ನನ್ನ ಪ್ರಕಾರ ಮೊದಲು ಕೇಳ್ಬೇಕಾಗಿರೋದೇ ಅದನ್ನ. ಯಾಕಂದ್ರೆ ಅಂಗಡೀಲಿ, ಆನ್‌ಲೈನಲ್ಲಿ ಸಿಗೋ ಗೇಮಿಂಗ್ ಚೇರ್‌ಗಳಲ್ಲಿ ಬಹಳಷ್ಟು ಐದೂಮುಕ್ಕಾಲು ಆರಡಿ ಆಳಿಗೆ ಸರಿಹೋಗೋ ಅಳತೇಲಿ ಮಾಡಿರ್ತಾರೆ. ನಮ್ಮ ತುಮಕೂರು ಕಡೆ ಗಂಡಸರು ಸಾಮಾನ್ಯವಾಗಿ ಐದಡಿ ನಾಲ್ಕೈದು ಇಂಚು, ಹೆಣ್ಮಕ್ಕಳು ಐದಡಿ ಆಸುಪಾಸು ಇರ್ತಾರೆ. ಇಪ್ಪತ್ತು ಸಾವಿರ ಕೊಟ್ಟು ತಂದ ಚೇರಲ್ಲಿ ಕಾಲು ನೆಲಕ್ಕೆ ಎಟುಕದೇ ತುದಿಗಾಲಲ್ಲಿ ಕೂತು ಆಡೋ ಹುಡುಗ್ರನ್ನ ನೋಡಿದ್ರೆ ನಂಗೆ ನಿಜವಾಗ್ಲೂ ಸಂಕಟ ಆಗುತ್ತೆ.

ಟೈಲರ್ ಟೇಪ್ ಒಂದು ತಗೊಳ್ಳಿ, ಅಳತೆ ಮೂರೇ ಮೂರು. ಗಟ್ಟಿಯಾಗಿರೋ ಸ್ಟೂಲ್ ಮೇಲೋ ಮೆಟ್ಟಿಲ ಮೇಲೋ ಬರಿಗಾಲಲ್ಲಿ ನೆಟ್ಟಗೆ ಕೂತ್ಕೊಂಡು, ಪಾದ ಪೂರ್ತಿ ನೆಲಕ್ಕೆ ಊರಿ, ಮಂಡಿ ಹಿಂದಿನ ಮಡಿಕೆಯಿಂದ ನೆಲದವರೆಗೆ ಒಂದು ಅಳತೆ. ಬೆನ್ನು ಗೋಡೆಗೆ ಆನಿಸಿ ಕೂತು ಗೋಡೆಯಿಂದ ಅದೇ ಮಂಡಿ ಹಿಂದಿನ ಮಡಿಕೆವರೆಗೆ ಎರಡನೇದು. ಭುಜ ಸಡಿಲ ಬಿಟ್ಟು ಮೊಣಕೈ ಮಡಚಿದಾಗ ಕೂತಿರೋ ಜಾಗದಿಂದ ಮೊಣಕೈ ಕೆಳಗಿನವರೆಗೆ ಮೂರನೇದು. ನೀವೇ ಅಳ್ಕೊಳ್ಳೋಕೆ ಹೋದ್ರೆ ಬಗ್ತೀರ, ಲೆಕ್ಕ ತಪ್ಪುತ್ತೆ, ಮನೇಲಿ ಯಾರಿಗಾದ್ರೂ ಹೇಳಿ ಅಳೆಸ್ಕೊಳ್ಳಿ. ಅದನ್ನ ಫೋನಲ್ಲಿ ಬರೆದಿಟ್ಕೊಂಡ್ರೆ ಯಾವ ಅಂಗಡಿಗೆ ಹೋದ್ರೂ ಯಾವ ಸೈಟ್ ತೆಗೆದ್ರೂ ಅರ್ಧ ಚೇರ್‌ಗಳು ತಾನಾಗೇ ಪಟ್ಟಿಯಿಂದ ಬಿಟ್ಟು ಹೋಗ್ತವೆ.

ಮೊದಲನೇ ಅಳತೆ ಸೀಟಿನ ಎತ್ತರಕ್ಕೆ. ಐದಡಿ ನಾಲ್ಕಿಂಚು ಇರೋರಿಗೆ ಅದು ಹೆಚ್ಚು ಕಮ್ಮಿ 41 ಸೆಂಟಿಮೀಟರ್ ಬರುತ್ತೆ. ರೇಸಿಂಗ್ ಸೀಟ್ ಥರ ಇರೋ ಚೇರ್‌ಗಳು ಎಷ್ಟೋ ಸಲ ಪೂರ್ತಿ ಇಳಿಸಿದ್ರೂ 45, 46ಕ್ಕೆ ನಿಂತುಬಿಡ್ತವೆ. ಇನ್ನೊಂದು ವಿಷ್ಯ ಏನಂದ್ರೆ ಚೇರ್ ಡಿಸೈನ್ ಮಾಡೋರು ಕೂರೋರು ಶೂ ಹಾಕಿರ್ತಾರೆ ಅಂತ ಸುಮಾರು 2.5 ಸೆಂಟಿಮೀಟರ್ ಸೇರಿಸ್ಕೊಂಡಿರ್ತಾರೆ, ನಾವು ಮನೇಲಿ ಬರಿಗಾಲಲ್ಲಿ ಇರೋರು, ಹಂಗಾಗಿ ಅಂತರ ಇನ್ನೂ ಜಾಸ್ತಿ ಆಗುತ್ತೆ. ಸೀಟು ಎತ್ತರ ಆದ್ರೆ ಕಾಲಿನ ಭಾರ ನೆಲ ತಗೊಳ್ಳಲ್ಲ, ಸೀಟಿನ ಮುಂದಿನ ಅಂಚು ತೊಡೆ ಕೆಳಗೆ ಒತ್ತುತ್ತೆ, ಅಲ್ಲಿರೋ ನರ, ರಕ್ತನಾಳ ಅಮುಕಿದಂಗಾಗಿ ಅರ್ಧ ಗಂಟೇಲೇ ಪಾದ ಜೋಮು ಹಿಡಿಯುತ್ತೆ. ಅದನ್ನ ತಪ್ಪಿಸ್ಕೊಳ್ಳೋಕೆ ಅಂತ ಗೊತ್ತಿಲ್ದೇನೇ ಮುಂದಕ್ಕೆ ಜಾರಿ ಸೀಟಿನ ತುದೀಲಿ ಕೂರ್ತೀವಿ, ಆಗ ಬೆನ್ನಿಗೆ ಹಿಂದೆ ಆಸರೆ ಇರಲ್ಲ, ಸೊಂಟದ ಹತ್ರ ಎಷ್ಟು ದಪ್ಪ ದಿಂಬು ಕೊಟ್ಟಿದ್ರೂ ಅದು ಅಲ್ಲಿ ಸುಮ್ನೆ ನೇತಾಡ್ತಿರುತ್ತೆ ಅಷ್ಟೇ.

ಎರಡನೇ ಅಳತೆ ಸೀಟಿನ ಉದ್ದಕ್ಕೆ, ಅಂದ್ರೆ ಹಿಂದಿನ ಆಸರೆಯಿಂದ ಮುಂದಿನ ಅಂಚಿನವರೆಗೆ. ಪೂರ್ತಿ ಹಿಂದಕ್ಕೆ ಕೂತಾಗ ಮಂಡಿ ಹಿಂಭಾಗಕ್ಕೂ ಸೀಟಿನ ಅಂಚಿಗೂ ನಡುವೆ ಎರಡು ಮೂರು ಬೆರಳು ಜಾಗ ಉಳೀಬೇಕು. ಉಳೀದಿದ್ರೆ ಆ ಚೇರ್ ನಿಮ್ಮದಲ್ಲ. ಸೀಟು ಉದ್ದ ಆದ್ರೆ ಬೆನ್ನು ಆಸರೆಗೆ ಮುಟ್ಟೋಕೆ ಸೊಂಟದ ಮೂಳೆ ಹಿಂದಕ್ಕೆ ಉರುಳಬೇಕಾಗುತ್ತೆ, ಬೆನ್ನು ಗೂನಾಗುತ್ತೆ. ಐದಡಿ ಇರೋ ಹೆಣ್ಮಗು 50 ಸೆಂಟಿಮೀಟರ್ ಉದ್ದದ ಸೀಟಲ್ಲಿ ಕೂತ್ರೆ ಇದೇ ಆಗೋದು. ಇಲ್ಲಿ ಒಂದು ಉಪಾಯ ಇದೆ, ಸೊಂಟದ ಹತ್ರ ಒಂದು ಗಟ್ಟಿ ದಿಂಬಿಟ್ರೆ ಸೀಟು ಅಷ್ಟು ಚಿಕ್ಕದಾಗುತ್ತೆ, ಸ್ವಲ್ಪ ಅಂತರ ಇದ್ದಾಗ ಇದು ಚೆನ್ನಾಗೇ ಕೆಲಸ ಮಾಡುತ್ತೆ. ಸೀಟನ್ನೇ ಹಿಂದೆ ಮುಂದೆ ಜರುಗಿಸೋ ಸೌಕರ್ಯ ಕೆಲವು ಆಫೀಸ್ ಚೇರ್‌ಗಳಲ್ಲಿರುತ್ತೆ, ಮನೇಲಿ ಇಬ್ರು ಮೂರು ಜನ ಒಂದೇ ಚೇರ್ ಬಳಸೋದಾದ್ರೆ ಅದಕ್ಕೆ ದುಡ್ಡು ಕೊಡೋದು ಸಾರ್ಥಕ.

ಚಪ್ಪಲಿಗೆ ನಂಬರ್ ಇದ್ದಂಗೆ ಚೇರ್‌ಗೂ ಸೈಜ್ ಇರ್ಬೇಕು ಅನ್ನೋದು ಹೊಸ ಮಾತೇನಲ್ಲ. ಅಮೆರಿಕದ ಹರ್ಮನ್ ಮಿಲ್ಲರ್‌ನೋರು 1994ರಲ್ಲಿ ಏರಾನ್ ಅನ್ನೋ ಜಾಲರಿ ಚೇರ್ ತಂದ್ರು, ಬಿಲ್ ಸ್ಟಂಫ್, ಡಾನ್ ಚಾಡ್ವಿಕ್ ಅಂತ ಇಬ್ರು ಡಿಸೈನ್ ಮಾಡಿದ್ದು, ಅದು ಎ, ಬಿ, ಸಿ ಅಂತ ಮೂರು ಸೈಜಲ್ಲಿ ಬರುತ್ತೆ. ಅಷ್ಟು ದುಬಾರಿ ಚೇರ್ ನಮಗೆ ಬೇಡ ಬಿಡಿ, ಆದ್ರೆ ಆ ಯೋಚನೆ ಬೇಕು.

ಮೂರನೇ ಅಳತೆ, ಮೊಣಕೈದು, ಇದು ಚೇರ್‌ಗಿಂತ ಟೇಬಲ್‌ಗೆ ಸಂಬಂಧಪಟ್ಟಿದ್ದು, ನಾನು ನೋಡಿದಂಗೆ ಅರ್ಧಕ್ಕರ್ಧ ಜನರ ತೊಂದ್ರೆ ಇರೋದೇ ಇಲ್ಲಿ. ಕ್ಯಾತ್ಸಂದ್ರದಲ್ಲಿರೋ ನಮ್ಮ ಚಿಕ್ಕಪ್ಪನ ಮಗ ಒಂದು ದಿನ ಫೋನ್ ಮಾಡಿ, "ಅಣ್ಣ, ವ್ಯಾಲರೆಂಟ್ ಎರಡು ಮ್ಯಾಚ್ ಆಡೋಷ್ಟರಲ್ಲಿ ಬಲಗಡೆ ಭುಜ ಉರಿಯುತ್ತೆ, ಬೇರೆ ಚೇರ್ ತಗೊಳ್ಳೋಣ ಅಂತಿದೀನಿ" ಅಂದ. "ತಡಿಯೋ, ಮೊದ್ಲು ಟೇಬಲ್ ಎತ್ತರ ಎಷ್ಟಿದೆ ಹೇಳು" ಅಂದೆ. ಅಳೆದು ನೋಡಿದ್ರೆ 76 ಸೆಂಟಿಮೀಟರ್. ಮನೆ ಹಳೇ ಡೈನಿಂಗ್ ಟೇಬಲ್ ಅದು, ನಮ್ಮಲ್ಲಿ ಸಿಗೋ ಓದೋ ಟೇಬಲ್‌ಗಳೂ ಹೆಚ್ಚಿನವು 75ರ ಆಸುಪಾಸೇ ಇರೋದು. ಅವನ ಮಂಡಿ ಎತ್ತರ 41, ಸೀಟಿಂದ ಮೊಣಕೈಗೆ 22, ಎರಡೂ ಸೇರಿದ್ರೆ 63. ಅಂದ್ರೆ ಪಾದ ನೆಲಕ್ಕೂರಿ ಆರಾಮಾಗಿ ಕೂತ್ರೆ ಅವನ ಮೊಣಕೈ ಟೇಬಲ್‌ಗಿಂತ 13 ಸೆಂಟಿಮೀಟರ್ ಕೆಳಗಿರುತ್ತೆ. ಮೌಸ್ ಹಿಡಿಯೋಕೆ ಭುಜ ಮೇಲೆತ್ತಲೇಬೇಕು, ಗಂಟೆಗಟ್ಟಲೆ ಎತ್ತಿ ಹಿಡ್ಕೊಂಡಿದ್ರೆ ಕತ್ತಿಂದ ಭುಜಕ್ಕೆ ಬರೋ ಮಾಂಸಖಂಡ ಉರಿಯದೇ ಇನ್ನೇನಾಗುತ್ತೆ. ಅವನಿಗೆ ಎಂಥ ಚೇರ್ ತಂದ್ಕೊಟ್ಟಿದ್ರೂ ಆ ಉರಿ ಹೋಗ್ತಿರ್ಲಿಲ್ಲ.

ಇದಕ್ಕೆ ಎರಡು ದಾರಿ ಇದೆ. ಚೇರ್ ಎತ್ತರಿಸಿ ಕಾಲ ಕೆಳಗೆ ಏನಾದ್ರೂ ಇಡೋದು ಒಂದು. ಅವನ ಲೆಕ್ಕದಲ್ಲಿ ಸೀಟು 54ಕ್ಕೆ ಬರ್ಬೇಕು, ಹಂಗೆ ಎತ್ತರಿಸಿದ್ರೆ ಕಾಲು 13 ಸೆಂಟಿಮೀಟರ್ ಮೇಲೆ ನೇತಾಡುತ್ತೆ, ಅದಕ್ಕೆ ನಾಲ್ಕಿಂಚಿನ ಸಾಲಿಡ್ ಬ್ಲಾಕ್ ಎರಡು ತಂದು ಮೇಲೊಂದು ದಪ್ಪ ಹಲಗೆ ಹಾಕಿ ಹಳೇ ಟವೆಲ್ ಸುತ್ತಿದ್ವಿ, ಪಾದ ಎರಡೂ ಆರಾಮಾಗಿ ಕೂತ್ವು. ಇಲ್ಲಿ ಒಂದು ನೋಡ್ಕೊಬೇಕು, ಟೇಬಲ್ ಕೆಳಗೆ ಡ್ರಾಯರ್ ಇದ್ರೆ ಚೇರ್ ಎತ್ತರಿಸಿದಾಗ ತೊಡೆ ಅದಕ್ಕೆ ತಗುಲುತ್ತೆ, ಆಗ ಈ ದಾರಿ ಮುಚ್ಚಿಹೋಯ್ತು. ಇನ್ನೊಂದು ದಾರಿ ಟೇಬಲ್ ಕಾಲನ್ನೇ ಕುಯ್ಸೋದು. ಮರದ್ದೋ ಪ್ಲೈವುಡ್‌ದೋ ಆಗಿದ್ರೆ ಕಾರ್ಪೆಂಟರ್ ಹತ್ರ ನಾಲ್ಕೂ ಕಾಲು ಸಮವಾಗಿ ಮೂರ್ನಾಲ್ಕಿಂಚು ಕುಯ್ಸಿ, ಸ್ವಲ್ಪ ಹೊತ್ತಿನ ಕೆಲಸ, ಹೊಸ ಚೇರ್‌ಗೆ ಹಾಕೋ ದುಡ್ಡಲ್ಲಿ ಒಂದು ಚೂರು ಭಾಗ ಖರ್ಚಾಗಲ್ಲ. ಟೇಬಲ್ ಕುಯ್ಸೋಕೆ ಮನೇಲಿ ಅಮ್ಮ ಬೇಡ ಅಂದ್ರೆ ಬ್ಲಾಕೇ ಗತಿ.

ಈಗ ರೇಸಿಂಗ್ ಸೀಟ್ ಆಕಾರದ ಬಗ್ಗೆ. ಡಿಎಕ್ಸ್‌ರೇಸರ್ ಅನ್ನೋ ಕಂಪನಿ ಮೊದಲು ಕಾರ್ ಸೀಟ್ ಮಾಡ್ತಿತ್ತು, 2006ರಲ್ಲಿ ಅದೇ ಆಕಾರಕ್ಕೆ ಚಕ್ರ ಹಾಕಿ ಗೇಮಿಂಗ್ ಚೇರ್ ಅಂತ ತಂದ್ರು, ಆಮೇಲೆ ಬೇರೆಯೋರೂ ಅದೇ ಅಚ್ಚು ಹಿಡಿದ್ರು. ರೇಸ್ ಕಾರಲ್ಲಿ ಆ ಆಕಾರಕ್ಕೆ ಅರ್ಥ ಇದೆ, ಸ್ಪೀಡಲ್ಲಿ ತಿರುವು ತಗೊಂಡಾಗ ಮೈ ಪಕ್ಕಕ್ಕೆ ಎಸೆದಂಗಾಗುತ್ತೆ, ಎರಡೂ ಕಡೆ ಉಬ್ಬಿರೋ ಅಂಚು ಡ್ರೈವರ್‌ನ ಹಿಡಿದಿಡುತ್ತೆ. ಹಿಂದಿನ ಆಸರೇಲಿ ಭುಜದ ಹತ್ರ ಇರೋ ಎರಡು ತೂತು ಸೀಟ್ ಬೆಲ್ಟ್ ದಾಟಿಸೋಕೆ. ನಿಮ್ಮ ರೂಮಲ್ಲಿ ಚೇರ್ ಎಲ್ಲೂ ತಿರುವು ತಗೊಳ್ಳಲ್ಲ, ಆ ತೂತಲ್ಲಿ ದಿಂಬಿನ ಪಟ್ಟಿ ಬಿಟ್ರೆ ಏನೂ ಹೋಗಲ್ಲ. ಅಗಲ ಭುಜ ಇರೋರಿಗೆ ಮೇಲಿನ ಉಬ್ಬು ಭುಜಾನ ಮುಂದಕ್ಕೆ ತಳ್ಳುತ್ತೆ, ದಪ್ಪ ತೊಡೆ ಇರೋರಿಗೆ ಸೀಟಿನ ಉಬ್ಬು ಎರಡೂ ಕಡೆಯಿಂದ ಅಮುಕುತ್ತೆ.

ನಮ್ಮೋರಿಗೆ ಇನ್ನೊಂದು ತೊಂದ್ರೆ ಇದೆ. ನಾವು ಚೇರ್ ಮೇಲೂ ಚಕ್ಕಳಮಕ್ಕಳ ಹಾಕ್ಕೊಂಡು ಕೂರೋರು, ಚಿಕ್ಕಂದಿನಿಂದ ನೆಲದ ಮೇಲೆ ಕೂತು ಉಂಡು ಬೆಳೆದ ಕಾಲುಗಳು ಅವು, ಒಂದು ಕಾಲಾದ್ರೂ ಮೇಲೆತ್ತಿ ಮಡಚಿ ಇಡದೇ ಇದ್ರೆ ಸಮಾಧಾನ ಆಗಲ್ಲ. ರೇಸಿಂಗ್ ಸೀಟಿನ ಉಬ್ಬಿನ ಒಳಗೆ ಎಷ್ಟೋ ಚೇರ್‌ಗಳಲ್ಲಿ ಕಬ್ಬಿಣದ ಫ್ರೇಮ್ ಇರುತ್ತೆ, ಚಕ್ಕಳಮಕ್ಕಳ ಹಾಕಿದ್ರೆ ಅದು ನೇರ ಕಣಕಾಲಿಗೆ ತೊಡೆಗೆ ಒತ್ತುತ್ತೆ. ಹಂಗೆ ಕೂರೋದು ನಿಮ್ಮ ಅಭ್ಯಾಸ ಆಗಿದ್ರೆ ಅದನ್ನ ಬಿಡೋಕೆ ಹೋಗ್ಬೇಡಿ, ಸೀಟು ಅಗಲವಾಗಿ ಚಪ್ಪಟೆಯಾಗಿರೋ, ಮುಂದಿನ ಅಂಚು ಕೆಳಕ್ಕೆ ಬಾಗಿರೋ ಚೇರ್ ಹುಡುಕಿ. ಅಂಥದ್ದು ಗೇಮಿಂಗ್ ಅಂತ ಹೆಸರಿರೋ ಚೇರ್‌ಗಳಿಗಿಂತ ಆಫೀಸ್ ಚೇರ್‌ಗಳಲ್ಲಿ ಬೇಗ ಸಿಗುತ್ತೆ.

ಬೆನ್ನಿನ ವಿಷ್ಯಕ್ಕೆ ಬರೋಣ, ಇದನ್ನ ಸ್ವಲ್ಪ ನಿಧಾನವಾಗಿ ಓದಿ. ಬೆನ್ನುಮೂಳೆಯ ಒಂದೊಂದು ಮೂಳೆ ನಡುವೆ ಡಿಸ್ಕ್ ಇರುತ್ತಲ್ಲ, ದೊಡ್ಡೋರಾದ್ಮೇಲೆ ಅದರ ಒಳಗೆ ರಕ್ತನಾಳ ಇರಲ್ಲ, ಅದಕ್ಕೆ ಬೇಕಾದ ಪೋಷಣೆ ಸುತ್ತಲಿಂದ ನಿಧಾನವಾಗಿ ಇಂಗಿ ಒಳಗೆ ಹೋಗ್ಬೇಕು. ಭಾರ ಬಿದ್ದಾಗ ಅದರೊಳಗಿನ ನೀರಂಶ ಸ್ವಲ್ಪ ಹೊರಗೆ ಹೋಗುತ್ತೆ, ಭಾರ ಇಳಿದಾಗ ವಾಪಸ್ ಒಳಗೆ ಬರುತ್ತೆ. ಅಂದ್ರೆ ಡಿಸ್ಕ್ ಚೆನ್ನಾಗಿರೋಕೆ ಭಾರ ಬದಲಾಗ್ತಾ ಇರ್ಬೇಕು. ಸ್ವೀಡನ್ನಿನ ಡಾಕ್ಟರ್ ಆಲ್ಫ್ ನಾಕೆಮ್ಸನ್ 1960ರ ದಶಕದಲ್ಲೇ ಜೀವಂತ ಮನುಷ್ಯರ ಡಿಸ್ಕ್ ಒಳಗೆ ಸೂಜಿ ಹಾಕಿ ಒತ್ತಡ ಅಳೆದು, ಆಸರೆ ಇಲ್ದೇ ಕೂತ್ರೆ ನಿಂತಿದ್ದಕ್ಕಿಂತ ಜಾಸ್ತಿ ಒತ್ತಡ ಬೀಳುತ್ತೆ ಅಂದ್ರು. ಆಮೇಲೆ 1999ರಲ್ಲಿ ಜರ್ಮನಿಯ ವಿಲ್ಕೆ ಮತ್ತವರ ಜೊತೆಗಾರರು ಒಬ್ಬ ಮನುಷ್ಯನ ಡಿಸ್ಕಿಗೆ ಸೆನ್ಸರ್ ಕೂರಿಸಿ ಒಂದಿಡೀ ದಿನ ಅಳೆದ್ರು. ನಿಂತಾಗ 0.5 ಮೆಗಾಪ್ಯಾಸ್ಕಲ್ (ಒತ್ತಡ ಅಳೆಯೋ ಮಾನ), ಚೇರಲ್ಲಿ ಹಿಂದಕ್ಕೆ ಒರಗಿ ಜಾರಿ ಕೂತಾಗ 0.27, ಕೂತಲ್ಲೇ ಪೂರ್ತಿ ಮುಂದಕ್ಕೆ ಬಗ್ಗಿದಾಗ 0.83.

ಒಬ್ಬನೇ ಮನುಷ್ಯನ ಅಳತೆ ಅದು, ಆದ್ರೂ ದಿಕ್ಕು ಗೊತ್ತಾಗುತ್ತೆ. ಮನೇಲಿ ದೊಡ್ಡೋರು "ನೆಟ್ಟಗೆ ಕೂತ್ಕೊಳೋ" ಅಂತ ಬೈತಿರ್ತಾರಲ್ಲ, ಹಿಂದಕ್ಕೆ ಒರಗಿ ಕೂರೋದು ಡಿಸ್ಕಿಗೆ ಅಂಥ ಹಾನಿ ಏನಲ್ಲ, ಹಾನಿ ಮಾಡೋದು ಸ್ಕ್ರೀನ್ ಕಡೆ ಕತ್ತು ಚಾಚಿ ಮುಂದಕ್ಕೆ ಬಗ್ಗಿ ಅದೇ ಭಂಗೀಲಿ ಒಂದೊಂದು ಗಂಟೆ ಅಲ್ಲಾಡದೇ ಕೂರೋದು. ಅದಕ್ಕೇ ಚೇರಲ್ಲಿ ನಾನು ಹುಡುಕೋದು ಸುಲಭವಾಗಿ ಹಿಂದೆ ಮುಂದೆ ತೂಗೋ ಗುಣ. ಆಸರೆಯ ಕೋನ 100ರಿಂದ 110 ಡಿಗ್ರಿ ಇಟ್ಕೊಂಡ್ರೆ ಹೆಚ್ಚಿನೋರಿಗೆ ಆರಾಮ. 180 ಡಿಗ್ರಿ ಮಲಗುತ್ತೆ ಅಂತ ಜಾಹೀರಾತಲ್ಲಿ ದೊಡ್ಡದಾಗಿ ಹಾಕ್ತಾರೆ, ಮಲಗೋಕೆ ಪಕ್ಕದಲ್ಲೇ ಮಂಚ ಇದೆ, ಅದಕ್ಕೆ ದುಡ್ಡು ಕೊಡೋ ಅಗತ್ಯ ಇಲ್ಲ. ಆಸರೆ ಹಿಂದಕ್ಕೆ ಹೋದಾಗ ಸೀಟೂ ಅದರ ಅರ್ಧದಷ್ಟು ವಾಲೋ ಸಿಂಕ್ರೋ ಟಿಲ್ಟ್ ಅನ್ನೋ ಮೆಕ್ಯಾನಿಸಮ್ ಸಿಕ್ರೆ ತುಂಬಾ ಒಳ್ಳೇದು, ಒರಗಿದಾಗ ಶರ್ಟ್ ಮೇಲಕ್ಕೆ ಎಳೆದಂಗಾಗಲ್ಲ, ಪಾದ ನೆಲ ಬಿಡಲ್ಲ.

ಸೊಂಟದ ಆಸರೆ ಎಲ್ಲಿರ್ಬೇಕು ಅಂದ್ರೆ, ಪ್ಯಾಂಟಿಗೆ ಬೆಲ್ಟ್ ಕಟ್ಟೋ ಜಾಗಕ್ಕಿಂತ ಒಂಚೂರು ಮೇಲೆ, ಬೆನ್ನು ಒಳಕ್ಕೆ ಬಾಗಿರುತ್ತಲ್ಲ ಅಲ್ಲಿ. ಚೇರ್ ಜೊತೆ ಕೊಡೋ ದಪ್ಪ ದಿಂಬು ಎಷ್ಟೋ ಸಲ ಅತಿ ಆಗುತ್ತೆ, ಮೈಯನ್ನ ಮುಂದಕ್ಕೆ ನೂಕುತ್ತೆ. ಅದನ್ನ ತೆಗೆದು ಸ್ನಾನದ ಟವೆಲ್ ಸುರುಳಿ ಸುತ್ತಿ ಇಟ್ಟು ನೋಡಿ, ದಪ್ಪ ಹೆಚ್ಚು ಕಮ್ಮಿ ಮಾಡ್ಕೊಬಹುದು. ಪ್ಲಾಸ್ಟಿಕ್ ಚೇರಲ್ಲೇ ಆಡೋರಿಗೂ ಇದೇ ಟವೆಲ್ ದೊಡ್ಡ ಉಪಕಾರ ಮಾಡುತ್ತೆ, ಕೆಳಗೊಂದು ಗಟ್ಟಿ ಕುಶನ್ ಹಾಕ್ಕೊಂಡ್ರೆ ದುಡ್ಡು ಕೂಡೋವರೆಗೂ ಕಾಲ ಹಾಕ್ಬಹುದು.

ಏನು ಆಡ್ತೀರ ಅನ್ನೋದ್ರ ಮೇಲೂ ಚೇರ್ ಬದಲಾಗುತ್ತೆ, ಇದನ್ನ ಅಂಗಡಿಯೋರು ಕೇಳೋದೇ ಇಲ್ಲ. ಕೀಬೋರ್ಡ್ ಮೌಸಲ್ಲಿ ಆಡೋರು ಟೇಬಲ್‌ಗೆ ಹತ್ರ ಎಳ್ಕೊಂಡು ಕೂರ್ತಾರೆ, ಅವರಿಗೆ ಕೈ ಆಸರೆ ಟೇಬಲ್ ಕೆಳಗೆ ತೂರಬೇಕು, ಇಲ್ಲಾಂದ್ರೆ ಟೇಬಲ್ ಅಂಚಿಗೆ ಗುದ್ದಿ ಚೇರ್ ದೂರಾನೇ ನಿಲ್ಲುತ್ತೆ, ನೀವು ಬಗ್ಗಬೇಕಾಗುತ್ತೆ. ಪ್ಲೇಸ್ಟೇಷನ್ ಥರ ಕಂಟ್ರೋಲರ್ ಹಿಡಿದು ಆಡೋರು ಟಿವಿಯಿಂದ ದೂರ ಹಿಂದಕ್ಕೆ ಒರಗಿ ಕೂರೋರು, ಅವರಿಗೆ ತಲೆ ಆಸರೆ ಉಪಯೋಗಕ್ಕೆ ಬರುತ್ತೆ, ಆಸರೆ ಎತ್ತರ ಇರ್ಬೇಕು. ಮಿಕ್ಕಿದ್ದು ಮೊಬೈಲ್. ಬಿಜಿಎಂಐ, ಫ್ರೀ ಫೈರ್ ಆಡೋ ಹುಡುಗರೇ ನಮ್ಮಲ್ಲಿ ಹೆಚ್ಚು, ಇವರಿಗೆ ಚೇರ್ ಬೇಡ ಅಂತ ಎಲ್ಲರ ಅಭಿಪ್ರಾಯ, ನಾನು ಒಪ್ಪಲ್ಲ. ಫೋನ್ ಮಡಿಲಲ್ಲಿಟ್ಕೊಂಡು ತಲೆ ತಗ್ಗಿಸಿ ಆಡಿದ್ರೆ ನಾಲ್ಕೂವರೆ ಐದು ಕೆಜಿ ತೂಗೋ ತಲೆ ಪೂರ್ತಿ ಕತ್ತಿನ ಹಿಂದಿನ ಸ್ನಾಯುಗಳಿಗೆ ನೇತುಬೀಳುತ್ತೆ. ಫೋನ್ ಕಣ್ಣಿನ ಹತ್ತಿರಕ್ಕೆ ಬರ್ಬೇಕು ಅಂದ್ರೆ ಮೊಣಕೈ ಮೇಲೆತ್ತಿ ಎಲ್ಲಾದ್ರೂ ಊರಲೇಬೇಕು. ಹಂಗಾಗಿ ಮೊಬೈಲಲ್ಲಿ ಆಡೋರಿಗೇ ಕೈ ಆಸರೆ ಎಲ್ಲರಿಗಿಂತ ಮುಖ್ಯ, ಎತ್ತರಕ್ಕೆ ಏರಿ ಒಳಕ್ಕೆ ತಿರುಗೋ ಅಂಥದ್ದು. ಇಲ್ಲಾಂದ್ರೆ ಮಡಿಲ ಮೇಲೆ ಹಾಸಿಗೆ ದಿಂಬು ಉದ್ದಕ್ಕೆ ಇಟ್ಕೊಂಡು ಅದರ ಮೇಲೆ ಎರಡೂ ಮೊಣಕೈ ಊರಿ.

ಕೈ ಆಸರೆಗೆ 1ಡಿ, 2ಡಿ, 3ಡಿ, 4ಡಿ ಅಂತ ಬರೆದಿರ್ತಾರೆ. ಬರೀ ಮೇಲೆ ಕೆಳಗೆ ಹೋದ್ರೆ 1ಡಿ, ಅದರ ಮೇಲೆ ಹಿಂದೆ ಮುಂದೆ ಜರುಗೋದು, ಓರೆ ತಿರುಗೋದು, ಒಳಕ್ಕೆ ಹೊರಕ್ಕೆ ಸರಿಯೋದು, ಇವು ಒಂದೊಂದು ಸೇರಿದಂಗೆ ನಂಬರ್ ಏರುತ್ತೆ. ಮೇಲೆ ಕೆಳಗೆ ಆಗದೇ ಇರೋದನ್ನ ಮಾತ್ರ ತಗೋಬೇಡಿ, ಮಿಕ್ಕಿದ್ದು ಬಜೆಟ್ ನೋಡ್ಕೊಂಡು. ಭುಜ ಎತ್ತದೇ, ಪಕ್ಕಕ್ಕೆ ವಾಲದೇ ಮೊಣಕೈ ತಾನಾಗೇ ಹೋಗಿ ಕೂತ್ರೆ ಸರಿಯಾಗಿದೆ ಅಂತ ಲೆಕ್ಕ.

ಮೇಲಿನ ಹೊದಿಕೆ ಬಗ್ಗೆ ನನ್ನ ಅಭಿಪ್ರಾಯ ಖಡಕ್ಕಾಗಿದೆ, ನಮ್ಮ ಜಿಲ್ಲೆ ಹವಾಮಾನಕ್ಕೆ ಪಿಯು ಲೆದರ್ ಆಗಿಬರಲ್ಲ. ಏಪ್ರಿಲ್ ಬಂತು ಅಂದ್ರೆ ತುಮಕೂರಲ್ಲೇ 36, 37 ಡಿಗ್ರಿ, ಪಾವಗಡ, ಶಿರಾ, ಮಧುಗಿರಿ ಕಡೆ ಇನ್ನೂ ಉರಿ, ಅದರ ಮೇಲೆ ಮಧ್ಯಾಹ್ನ ಕರೆಂಟ್ ಹೋಗಿ ಫ್ಯಾನ್ ನಿಂತ್ರೆ ಬೆನ್ನು ಚೇರ್‌ಗೆ ಅಂಟ್ಕೊಂಡುಬಿಡುತ್ತೆ. ಪಿಯು ಅಂದ್ರೆ ಪಾಲಿಯುರೆಥೇನ್, ಬಟ್ಟೆ ಮೇಲೆ ತೆಳ್ಳಗೆ ಬಳಿದಿರೋ ಪದರ. ಶಾಖ, ಗಾಳಿಯಲ್ಲಿರೋ ತೇವ, ಬೆವರು ಇವೆಲ್ಲ ಸೇರಿ ಆ ಪದರವನ್ನ ನಿಧಾನವಾಗಿ ಒಡೆಯುತ್ತೆ, ಎರಡು ಮೂರು ವರ್ಷಕ್ಕೆ ಬಿರುಕು ಬಿಟ್ಟು ಕಪ್ಪು ಚೂರು ಉದುರೋಕೆ ಶುರುವಾಗುತ್ತೆ, ಅಂಗಿಗೆ, ಕತ್ತಿಗೆ, ನೆಲಕ್ಕೆಲ್ಲ. ಒಂದ್ಸಲ ಶುರುವಾದ್ರೆ ರಿಪೇರಿ ಅಂತ ಏನಿಲ್ಲ, ಪೂರ್ತಿ ಹೊದಿಕೆ ಬದಲಾಯಿಸ್ಬೇಕು. ಬಟ್ಟೆ ಹೊದಿಕೆ ಇದಕ್ಕಿಂತ ಎಷ್ಟೋ ಮೇಲು, ಆದ್ರೆ ಟೀ ಚೆಲ್ಲಿದ್ರೆ ಕಲೆ ಉಳಿಯುತ್ತೆ. ನನ್ನನ್ನ ಕೇಳಿದ್ರೆ ಬೆನ್ನಿಗೆ ಜಾಲರಿ, ಸೀಟಿಗೆ ಬಟ್ಟೆ ಹೊದಿಸಿದ ಫೋಮ್, ಈ ಜೋಡಿ ನಮ್ಮ ಸೆಕೆಗೆ ಹೇಳಿ ಮಾಡ್ಸಿದ್ದು. ಸೀಟೂ ಜಾಲರಿ ಆಗಿದ್ರೆ ಅಗ್ಗದ ಚೇರ್‌ಗಳಲ್ಲಿ ಅದು ಬೇಗ ಜೋತುಬಿದ್ದು ಅಂಚಿನ ಫ್ರೇಮ್ ತೊಡೆಗೆ ತಾಗುತ್ತೆ, ಹುಷಾರು. ರಸ್ತೆ ಪಕ್ಕದ ಮನೆಯಾದ್ರೆ ಜಾಲರೀಲಿ ಧೂಳು ಕೂರುತ್ತೆ, ವಾರಕ್ಕೊಂದ್ಸಲ ಬ್ರಷ್ ಆಡಿಸಿದ್ರೆ ಸಾಕು.

ಫೋಮ್ ವಿಷ್ಯದಲ್ಲಿ ಮೆತ್ತಗಿದ್ರೆ ಒಳ್ಳೇದು ಅನ್ನೋ ನಂಬಿಕೆ ಬಿಡಿ. ಅಂಗಡೀಲಿ ಕೂತ ತಕ್ಷಣ ಹಾಯಾಗಿ ಒಳಗೆ ಇಳಿಯೋ ಸೀಟು ಕೆಲವೇ ತಿಂಗಳಲ್ಲಿ ಕುಸಿದು ಕೆಳಗಿನ ಹಲಗೆ ಕೂರೋ ಮೂಳೆಗೆ ತಾಗೋಕೆ ಶುರುವಾಗುತ್ತೆ. ಸಾಂದ್ರತೆ ಜಾಸ್ತಿ ಇರೋ, ಅಚ್ಚಲ್ಲಿ ಎರಕ ಹೊಯ್ದ ಮೋಲ್ಡೆಡ್ ಫೋಮ್ ಬೇಕು ಅಂತ ಕೇಳಿ, ಅದು ಮೊದಮೊದಲು ಗಟ್ಟಿ ಅನ್ಸುತ್ತೆ, ಆದ್ರೆ ವರ್ಷಗಟ್ಟಲೆ ಆಕಾರ ಬಿಡಲ್ಲ. ಹೆಬ್ಬೆರಳಲ್ಲಿ ಜೋರಾಗಿ ಅದುಮಿದಾಗ ಕೆಳಗಿನ ಹಲಗೆ ಸಿಕ್ತು ಅಂದ್ರೆ ಅಲ್ಲಿಗೆ ಮುಗೀತು, ಮುಂದಿನ ಚೇರ್ ನೋಡಿ.

ಸೀಟು ಏರಿಸಿ ಇಳಿಸೋ ಕಂಬಾನ ಅಂಗಡೀಲಿ ಹೈಡ್ರಾಲಿಕ್ ಅಂತಾರೆ, ಒಳಗಿರೋದು ಒತ್ತಿ ತುಂಬಿದ ನೈಟ್ರೋಜನ್ ಗ್ಯಾಸ್. ಕಂಬದ ಗಟ್ಟಿತನದ ದರ್ಜೆ ಕ್ಲಾಸ್ 3 ಅಥವಾ ಕ್ಲಾಸ್ 4 ಅಂತ ಇರೋದು ನೋಡ್ಕೊಳ್ಳಿ, ಮೈ ಭಾರ ಇರೋರು ಕ್ಲಾಸ್ 4ಏ ತಗೊಳ್ಳಿ. ಕೂತಾಗ ತಾನಾಗೇ ಇಳೀತಿದ್ರೆ ಒಳಗಿನ ಸೀಲ್ ಹೋಗಿದೆ ಅಂತ, ಕಂಬ ಮಾತ್ರ ಬದಲಾಯಿಸ್ಬಹುದು, ಚೇರ್ ರಿಪೇರಿಯೋರ ಹತ್ರ ಸಿಗುತ್ತೆ, ಅದಕ್ಕೋಸ್ಕರ ಇಡೀ ಚೇರ್ ಎಸೀಬೇಡಿ. ಆ ಕಂಬಾನ ಮಾತ್ರ ಬಿಚ್ಚೋಕೆ, ಕಾಯಿಸೋಕೆ, ತೂತು ಮಾಡೋಕೆ ಯಾವತ್ತೂ ಹೋಗ್ಬಾರ್ದು. ಚಕ್ರ ನಿಮ್ಮ ನೆಲ ನೋಡಿ. ಗಟ್ಟಿ ನೈಲಾನ್ ಚಕ್ರ ಕಾರ್ಪೆಟ್‌ಗೆ ಮಾಡಿದ್ದು, ನಮ್ಮ ಟೈಲ್ಸ್ ಮೇಲೆ ಗಡಗಡ ಅನ್ನುತ್ತೆ, ಹಳೇ ಮನೆಗಳ ರೆಡ್ ಆಕ್ಸೈಡ್ ನೆಲದ ಮೇಲೆ ಗೀರು ಬೀಳುತ್ತೆ. ಪಿಯು ಹೊದಿಸಿದ ಮೆತ್ತನೆ ಚಕ್ರ ಬೇಕು, ಬೇರೆಯಾಗೂ ಸಿಗುತ್ತೆ, ಹೆಚ್ಚಿನ ಚೇರ್‌ಗಳಿಗೆ ಬರೋದು 11 ಮಿಲಿಮೀಟರ್ ಕಡ್ಡಿ ಇರೋ ಚಕ್ರ.

ಬಿಫ್ಮಾ ಸರ್ಟಿಫೈಡ್ ಅಂತ ತುಂಬಾ ಕಡೆ ಬರೆದಿರ್ತಾರೆ. ಬಿಫ್ಮಾ ಅನ್ನೋದು ಅಮೆರಿಕದ ಫರ್ನಿಚರ್ ತಯಾರಕರ ಸಂಘ, ಅವರ ಎಕ್ಸ್5.1 ಅನ್ನೋ ಮಾನದಂಡದಲ್ಲಿ ಆಫೀಸ್ ಚೇರ್‌ಗಳ ಪರೀಕ್ಷೆ ಹೆಂಗೆ ಮಾಡ್ಬೇಕು ಅಂತಿದೆ, ಅದರಲ್ಲೊಂದು ಪರೀಕ್ಷೇಲಿ 57 ಕೆಜಿ ತೂಕಾನ ಸೀಟಿನ ಮೇಲೆ 1,00,000 ಸಲ ಬೀಳಿಸ್ತಾರೆ. ಪರೀಕ್ಷೆ ಮಾಡೋದು ಲ್ಯಾಬ್‌ನೋರು, ಸಂಘದೋರಲ್ಲ. ಇಲ್ಲಿ ಗಮನಿಸಬೇಕಾಗಿರೋದು, ಕೆಲವರು ಕಂಬಕ್ಕೋ ಕಾಲಿಗೋ ಮಾತ್ರ ಪರೀಕ್ಷೆ ಮಾಡ್ಸಿ ಇಡೀ ಚೇರ್‌ಗೆ ಆಗಿದೆ ಅನ್ನೋ ಥರ ಬರೀತಾರೆ, ಇಡೀ ಚೇರ್‌ಗಾ ಬಿಡಿ ಭಾಗಕ್ಕಾ ಅಂತ ಬಾಯಿಬಿಟ್ಟು ಕೇಳಿ. ನಮ್ಮ ದೇಶದ್ದೇ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಮಾನದಂಡ ಇದೆ, ಕೆಲಸದ ಕುರ್ಚಿಗಳಿಗೆ ಐಎಸ್ 17631 ಅಂತ, 2022ರದ್ದು. ಆ ನಂಬರ್ ಕಂಡ್ರೆ ಒಳ್ಳೇದು.

ಎಲ್ಲಿ ನೋಡೋದು? ಕೂತು ನೋಡದೇ ತಗೋಬೇಡಿ ಅನ್ನೋದು ನನ್ನ ಹಠ. ತುಮಕೂರಿನ ಫರ್ನಿಚರ್ ಅಂಗಡಿಗಳಲ್ಲಿ ಆಫೀಸ್ ಚೇರ್‌ಗಳು ಬೇಕಾದಷ್ಟಿರ್ತವೆ, ಗೇಮಿಂಗ್ ಚೇರ್ ಒಂದೋ ಎರಡೋ ಇದ್ರೆ ಇದ್ವು. ಇನ್ನೂ ಜಾಸ್ತಿ ನೋಡ್ಬೇಕು ಅಂದ್ರೆ ನಾಗಸಂದ್ರದ ಐಕಿಯಾ ಇದೆ, 2022ರ ಜೂನಲ್ಲಿ ಶುರುವಾಗಿದ್ದು, ತುಮಕೂರು ರಸ್ತೆಯಲ್ಲೇ ಮೆಟ್ರೋ ಸ್ಟೇಷನ್ ಪಕ್ಕ, ಬೆಂಗಳೂರಿಗೆ ಹೋಗೋ ದಾರೀಲೇ ಸಿಗುತ್ತೆ. ತಗೊಳ್ದೇ ಇದ್ರೂ ಪರವಾಗಿಲ್ಲ, ಅಲ್ಲಿ ಬೇರೆ ಬೇರೆ ಥರದ ಚೇರ್‌ಗಳಲ್ಲಿ ಕಾಲು ಗಂಟೆ ಕೂತು ನೋಡಿದ್ರೆ ನಿಮ್ಮ ಮೈಗೆ ಏನು ಹಿಡಿಸುತ್ತೆ ಅಂತ ಗೊತ್ತಾಗುತ್ತೆ. ಎರಡು ನಿಮಿಷ ಕೂತು ಏಳೋದ್ರಿಂದ ಏನೂ ಗೊತ್ತಾಗಲ್ಲ, ಯಾವ ಚೇರ್ ಆದ್ರೂ ಎರಡು ನಿಮಿಷ ಹಾಯಾಗೇ ಇರುತ್ತೆ.

ಹತ್ತು ಸಾವಿರದೊಳಗೆ ಬಜೆಟ್ ಇದ್ರೆ ಗೇಮಿಂಗ್ ಅಂತ ಹೆಸರಿರೋದನ್ನ ಬಿಟ್ಟು ಅದೇ ರೇಟಿನ ಜಾಲರಿ ಆಫೀಸ್ ಚೇರ್ ತಗೊಳ್ಳಿ ಅಂತ ನಾನು ಎಲ್ಲರಿಗೂ ಹೇಳೋದು, ಆ ರೇಟಲ್ಲಿ ಗೇಮಿಂಗ್ ಚೇರ್ ಮಾಡೋರು ದುಡ್ಡು ಹಾಕೋದು ನೋಟಕ್ಕೆ, ಉಳಿಸೋದು ಫೋಮಲ್ಲಿ. ಇನ್ನೊಂದು ಒಳ್ಳೇ ದಾರಿ ಬೆಂಗಳೂರಿನ ಸೆಕೆಂಡ್ ಹ್ಯಾಂಡ್ ಆಫೀಸ್ ಫರ್ನಿಚರ್. ಕಂಪನಿಗಳು ಆಫೀಸ್ ಖಾಲಿ ಮಾಡಿದಾಗ ಹೊಸದಾದ್ರೆ ಕೈಗೆಟುಕದ ಚೇರ್‌ಗಳು ಅರ್ಧಕ್ಕಿಂತ ಕಮ್ಮಿಗೆ ಬರ್ತವೆ. ಅಲ್ಲಿ ಹೋದಾಗ ಪೂರ್ತಿ ಮೇಲೆತ್ತಿ ಐದತ್ತು ನಿಮಿಷ ಕೂತು ಇಳಿಯುತ್ತಾ ನೋಡಿ, ಒರಗಿ ಕಟಕಟ ಶಬ್ದ ಬರುತ್ತಾ ಕೇಳಿ, ತಲೆಕೆಳಗು ಮಾಡಿ ಕಾಲಲ್ಲಿ ಬಿರುಕು ಇದ್ಯಾ ಅಂತ ಬೆರಳಾಡಿಸಿ.

ಹೈಸ್ಕೂಲ್ ಮಕ್ಕಳಿಗೆ ದೊಡ್ಡೋರಾಗ್ತಾರೆ ಬಿಡಿ ಅಂತ ದೊಡ್ಡ ಚೇರ್ ತಂದುಕೊಡೋ ಅಪ್ಪಂದಿರನ್ನ ನೋಡಿದೀನಿ. ಬೆಳೆಯೋ ಆ ಮೂರ್ನಾಲ್ಕು ವರ್ಷ ಮಗು ಅದರಲ್ಲೇ ಕೂರ್ಬೇಕಲ್ವಾ. ಎತ್ತರ ಚೆನ್ನಾಗಿ ಕೆಳಗಿಳಿಯೋ ಸಣ್ಣ ಸೀಟಿನ ಟಾಸ್ಕ್ ಚೇರ್ (ಕೂತು ಕೆಲಸ ಮಾಡೋ ಸಾದಾ ಆಫೀಸ್ ಚೇರ್), ಕಾಲಿಗೊಂದು ಮಣೆ, ಇಷ್ಟು ಸಾಕು ಅವರಿಗೆ.

ಇಷ್ಟೆಲ್ಲ ಆದ್ಮೇಲೂ ಒಂದು ಕೆಲಸ ಯಾವ ಚೇರೂ ಮಾಡಲ್ಲ, ಎದ್ದು ಓಡಾಡೋದು. 2003ರಲ್ಲಿ ನ್ಯೂಜಿಲೆಂಡಿನ ಡಾಕ್ಟರ್‌ಗಳು 32 ವರ್ಷದ ಒಬ್ಬನ ಕೇಸ್ ಬರೆದ್ರು, ದಿನಾ ಗಂಟೆಗಟ್ಟಲೆ, ಕೆಲವೊಮ್ಮೆ 18 ಗಂಟೆವರೆಗೂ ಕಂಪ್ಯೂಟರ್ ಮುಂದೆ ಕೂತಿರ್ತಿದ್ದ, ಕಾಲಲ್ಲಿ ರಕ್ತ ಹೆಪ್ಪುಗಟ್ಟಿ ಅದು ಶ್ವಾಸಕೋಶಕ್ಕೆ ಹೋಗಿ ಸಾಯೋ ಹಂತಕ್ಕೆ ಬಂದಿದ್ದ. ಮೀನಖಂಡದ ಸ್ನಾಯು ಅಲ್ಲಾಡಿದಾಗಲೇ ಕಾಲಿನ ರಕ್ತ ಮೇಲಕ್ಕೆ ತಳ್ಳಿಸ್ಕೊಳ್ಳೋದು, ಅಲ್ಲಾಡದೇ ಕೂತ್ರೆ ಅಲ್ಲೇ ನಿಲ್ಲುತ್ತೆ. ಹೆದರೋದು ಬೇಡ, ಒಂದೊಂದು ಮ್ಯಾಚ್ ಮುಗಿದಾಗ ಮುಂದಿನ ಮ್ಯಾಚಿಗೆ ಗೇಮ್ ಲಾಬೀಲಿ ಕಾಯೋ ಹೊತ್ತಲ್ಲಿ ಎದ್ದು ನೀರು ಕುಡಿದು ಬನ್ನಿ, ಚಿಕ್ಕ ಬಾಟಲಿ ಇಟ್ಕೊಂಡ್ರೆ ತುಂಬಿಸೋಕಾದ್ರೂ ಏಳ್ತೀರ. ಒಂದೇ ಕಾಲು ಊದ್ಕೊಂಡು ನೋವಿದ್ರೆ, ಕೈ ಬೆರಳಿಗೆ ಕಾಲಿಗೆ ಜೋಮು ಬಂದು ಬಿಡದೇ ಇದ್ರೆ ಚೇರ್ ಬದಲಾಯಿಸೋದಲ್ಲ, ಡಾಕ್ಟರ್ ಹತ್ರ ಹೋಗಿ.

ಆನ್‌ಲೈನಲ್ಲೇ ತರಿಸ್ತೀನಿ ಅನ್ನೋರು ಆರ್ಡರ್ ಮಾಡೋ ಮುಂಚೆ ನಿಮ್ಮ ಪಿನ್‌ಕೋಡ್‌ಗೆ ವಾಪಸ್ ಪಿಕಪ್ ಇದ್ಯಾ ಅಂತ ನೋಡ್ಕೊಳ್ಳಿ, 20 ಕೆಜಿ ಮೇಲಿರೋ ಡಬ್ಬಾನ ತಿರುಗಿ ಕಳಿಸೋ ಖರ್ಚು ನಿಮ್ಮ ಮೇಲೆ ಬೀಳ್ಬಾರ್ದು. ವಾರಂಟಿ ಮೂರು ವರ್ಷ ಅಂತಿದ್ರೂ ಹೊದಿಕೆ, ಫೋಮ್ ಅದರಲ್ಲಿ ಸೇರಲ್ಲ ಅಂತ ಸಣ್ಣಕ್ಷರದಲ್ಲಿ ಇರುತ್ತೆ. ಬಂದ ಮೇಲೆ ಡಬ್ಬಾ ಹರೀದೇ ಇಟ್ಕೊಳ್ಳಿ. ಜೋಡಿಸೋವಾಗ ಬೋಲ್ಟ್‌ಗಳನ್ನ ಒಂದೊಂದಾಗಿ ಪೂರ್ತಿ ಬಿಗಿ ಮಾಡ್ಕೊಂಡು ಹೋಗ್ಬೇಡಿ, ಹಂಗೆ ಮಾಡಿದ್ರೆ ಕೊನೇದು ತೂತಿಗೆ ಕೂರೋದೇ ಇಲ್ಲ. ನಾಲ್ಕನ್ನೂ ಬೆರಳಲ್ಲಿ ಸಡಿಲವಾಗಿ ತಿರುಗಿಸಿ ಕೂರಿಸಿ ಆಮೇಲೆ ಎದುರು ಬದುರು ಬಿಗಿ ಮಾಡಿ. ಗ್ಯಾಸ್ ಕಂಬಕ್ಕೆ ಬೋಲ್ಟ್ ಇರಲ್ಲ, ಅದು ತುದಿ ಕಡೆ ಸಣ್ಣಗಾಗ್ತಾ ಹೋಗಿರುತ್ತೆ, ಸುಮ್ನೆ ಇಟ್ಟು ಮೇಲೆ ಜೋರಾಗಿ ಕೂತ್ರೆ ನಿಮ್ಮ ಭಾರಕ್ಕೇ ಕಚ್ಕೊಳ್ಳುತ್ತೆ, ಆಮೇಲೆ ತೆಗೆಯೋಕೆ ಸುತ್ತಿಗೆಯೇ ಬೇಕು. ಹಾಗಾಗಿ ಕೂರೋ ಮುಂಚೆ ಕಂಬದ ಮೇಲಿನ ಪ್ಲಾಸ್ಟಿಕ್ ಕವರ್ ಹಾಕಿದೀರಾ ಅಂತ ಇನ್ನೊಂದ್ಸಲ ನೋಡಿ. ಎರಡು ಮೂರು ವಾರ ಆದ್ಮೇಲೆ ಅಲೆನ್ ಕೀ (ಬೋಲ್ಟ್ ತಿರುಗಿಸೋ ಆರು ಮೂಲೆ ಕಡ್ಡಿ) ತಗೊಂಡು ಎಲ್ಲಾ ಬೋಲ್ಟ್ ಇನ್ನೊಂದು ಸುತ್ತು ಬಿಗಿ ಮಾಡಿ, ಹೊಸ ಚೇರ್ ಕಿರ್ ಅನ್ನೋದು ಸಾಮಾನ್ಯವಾಗಿ ಅಲ್ಲಿಗೆ ನಿಲ್ಲುತ್ತೆ.